ತಾಯಿ–ಮಗಳು ಎಂಬ ಹಳೇ ಕಥೆ

ಯೆಹೂದಿ ಧರ್ಮ ತಾಯಿ, ಕ್ರೈಸ್ತ ಧರ್ಮ ಮಗಳು. ತಾಯಿ ನೇಮನಿಷ್ಠೆಯಲ್ಲೇ ಒಣಗಿಹೋದಳು, ಮಗಳು ಪ್ರೀತಿಯನ್ನು ಹೊತ್ತು ಮನೆಬಿಟ್ಟಳು. ಕ್ರಿಸ್‌ಮಸ್ ಹತ್ತಿರವಾದಾಗಲೆಲ್ಲ ಕನ್ನಡದ ಬರಹಗಳಲ್ಲಿ ಈ ತೀರ್ಪು ಯಾವುದಾದರೊಂದು ವೇಷದಲ್ಲಿ ಬಂದೇ ಬರುತ್ತದೆ. ಯೇಸುವಿನ ಪಕ್ಕ ಬಸವಣ್ಣನನ್ನು ಕೂರಿಸಿ, ಅವನ ಎದುರಾಳಿಗಳಾದ ಯೆಹೂದಿ ನೇಮನಿಷ್ಠರು, ಅಂದರೆ ಫರಿಸಾಯರಿಗೆ ಜನಿವಾರ ತೊಡಿಸಿದರೆ ಲೇಖನ ಮುಗಿಯಿತು.

ಪುಣೆಯ ಕ್ಯಾಂಪಿನಲ್ಲಿ ಈ ಕಥೆಗೆ ತೊಡಕು ಶುರುವಾಗುತ್ತದೆ. ಅಲ್ಲಿನ ಕೆಂಪು ಇಟ್ಟಿಗೆಯ, ಗಡಿಯಾರ ಗೋಪುರದ ಕಟ್ಟಡವನ್ನು ಹೊಸಬರು ಚರ್ಚೆಂದೇ ತಿಳಿಯುತ್ತಾರೆ. ಅದು ಯೆಹೂದಿಗಳ ಪ್ರಾರ್ಥನಾಮಂದಿರ, ಓಹೆಲ್ ಡೇವಿಡ್ ಸಿನಗಾಗ್, ಊರವರ ಬಾಯಲ್ಲಿ ಲಾಲ್ ದೇವಳ್. ಬಗ್ದಾದಿನಿಂದ ಬಂದ ಡೇವಿಡ್ ಸಸೂನ್ 1863ರಲ್ಲಿ ಕಟ್ಟಿಸತೊಡಗಿದ. ಮರುವರ್ಷವೇ ತೀರಿಕೊಂಡ. ಕೆಲಸ ಮುಗಿದದ್ದು 1867ರಲ್ಲಿ, ಅವನ ಸಮಾಧಿಯೂ ಅದೇ ಆವರಣದಲ್ಲಿದೆ. ಇಂಗ್ಲಿಷ್ ಗೋಥಿಕ್ ಶೈಲಿಯ ಈ ಗೋಪುರದಲ್ಲಿ ತಾಯಿಯೇ ಮಗಳ ಸೀರೆ ಉಟ್ಟು ನಿಂತಿದ್ದಾಳೆ!

ಅದೇ ಊರಿನ ರಾಸ್ತಾ ಪೇಠೆಯ ಸುಕ್ಕಾತ್ ಶೆಲೋಮೋ ಸಿನಗಾಗ್ ಇನ್ನೂ ಸ್ವಾರಸ್ಯದ್ದು. ಅದು ಬೆನೆ ಇಸ್ರೇಲಿ ಯೆಹೂದಿಗಳದು. ಕೊಂಕಣದಲ್ಲಿ ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣ ‘ಶನಿವಾರ ತೇಲಿ’ ಎನಿಸಿಕೊಂಡವರು, ಮರಾಠಿ ಮಾತಿನವರು. ಹರಕೆ ತೀರಿದಾಗ ಪ್ರವಾದಿ ಎಲೀಯನ ಹೆಸರಲ್ಲಿ ಅವಲಕ್ಕಿ, ತೆಂಗಿನತುರಿ, ಬೆಲ್ಲ ಕಲಸಿ, ಹಣ್ಣು ಜೋಡಿಸಿ ಮಲೀದಾ ತಟ್ಟೆ ಇಡುತ್ತಾರೆ. ಇವರಿಗೆ ಹೀಬ್ರೂ ದಾರಿ ತೆರೆದವರಲ್ಲಿ ಸ್ಕಾಟಿಷ್ ಮಿಷನರಿ ಜಾನ್ ವಿಲ್ಸನ್ ಒಬ್ಬರು. 1832ರಲ್ಲಿ ಅವರು ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ತಂದರು. ಉದ್ದೇಶ ಮತಾಂತರ. ಆದದ್ದು ತಿರುಗುಮುರುಗು: ಮತ ಬಿಟ್ಟವರು ಬೆರಳೆಣಿಕೆ, ಹೀಬ್ರೂ ಕಲಿತು ಇನ್ನಷ್ಟು ಯೆಹೂದಿಗಳಾದವರೇ ಹೆಚ್ಚು.

ಹಿಂದಿನ ಕಾಲಕ್ಕೆ ಹೋದರೂ ತಾಯಿ–ಮಗಳ ಲೆಕ್ಕ ಕೂಡುವುದಿಲ್ಲ. ಜೆರುಸಲೇಮಿನ ದೇವಾಲಯ ಉರಿದದ್ದು ಕ್ರಿ.ಶ. 70ರಲ್ಲಿ. ಇಂದು ನಾವು ಕಾಣುವ ರಬ್ಬಿಗಳ ಧರ್ಮ ಮೈದುಂಬಿದ್ದು ಆ ಬೂದಿಯ ಮೇಲೆ. ಅದರ ಮಿಷ್ನಾ ಗ್ರಂಥ ರೂಪುಗೊಂಡಿದ್ದು 200ರ ಸುಮಾರಿಗೆ. ಅಷ್ಟರಲ್ಲಿ ಕ್ರೈಸ್ತರ ಅಪೊಸ್ತಲ ಪೌಲನ ಪತ್ರಗಳಿಗೆ ನೂರು ವರ್ಷ ದಾಟಿತ್ತು. ವಿದ್ವಾಂಸ ಅಲನ್ ಸೀಗಲ್ 1986ರಲ್ಲೇ ರಬ್ಬಿಗಳ ಧರ್ಮವನ್ನೂ ಕ್ರೈಸ್ತ ಧರ್ಮವನ್ನೂ ಬೈಬಲಿನ ರೆಬೆಕ್ಕಳ ಅವಳಿ ಮಕ್ಕಳೆಂದು ಕರೆದಿದ್ದಾರೆ. ಅವಳಿಗಳು ಬೇರೆಯಾಗಲು ಶತಮಾನಗಳೇ ಹಿಡಿದವು. 386–87ರಲ್ಲಿ ಅಂತಿಯೋಕ್ಯದಲ್ಲಿ ಪಾದ್ರಿ ಯೋಹಾನ ಕ್ರಿಸೊಸ್ತೊಮ್ ಯೆಹೂದಿಗಳ ಮೇಲೆ ವಿಷ ಕಾರಿದ್ದೇಕೆ? ತನ್ನ ಸಭೆಯ ಕ್ರೈಸ್ತರೇ ಹಬ್ಬಕ್ಕೆ ಸಿನಗಾಗಿಗೆ ಹೋಗುತ್ತಿದ್ದರು!

ಆದರೂ ಜರ್ಮನಿಯ ದೇವತಾಶಾಸ್ತ್ರಜ್ಞ, ಬರ್ಲಿನ್ನಿನ ಪ್ರಾಧ್ಯಾಪಕ ಹಾರ್ನಾಕ್‌ಗೆ ತಾಯಿ ಹೊರೆಯಾದಳು. ಮಾರ್ಸಿಯನ್ ಎಂಬ ಎರಡನೆಯ ಶತಮಾನದ ಪಾಷಂಡಿಯ ಮೇಲೆ 1920ರಲ್ಲಿ ಪುಸ್ತಕ ಬರೆದು, ಪ್ರಾಟೆಸ್ಟೆಂಟರು ಇನ್ನೂ ಹಳೆ ಒಡಂಬಡಿಕೆಯನ್ನು ಪ್ರಮಾಣಗ್ರಂಥವಾಗಿ ಉಳಿಸಿಕೊಂಡಿರುವುದು ಪಾರ್ಶ್ವವಾಯುವಿನ ಲಕ್ಷಣ ಎಂದರು. ಅಷ್ಟು ಓದಿದವರ ಮಾತು ಅಷ್ಟು ಒರಟು.

ಅದೇ ವರ್ಷಗಳಲ್ಲಿ ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿ ಒಬ್ಬ ಹೆಂಗಸು ಹೀಬ್ರೂ ಮೂಲ ಹಿಡಿದು ಕೂತಿದ್ದರು. ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ ನಮ್ಮ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗರೆ ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಬೈಗುಳ ತಿಂದವರು. ಪುರೋಹಿತರ ಕಾಟ ಸಾಕಾಗಿ ಕ್ರೈಸ್ತರಾದ ರಮಾಬಾಯಿಗೆ ‘ನೇಮ ಸತ್ತಿತು, ಪ್ರೀತಿ ಗೆದ್ದಿತು’ ಎಂಬ ಕಥೆ ಹೇಳಿಮಾಡಿಸಿದಂತಿತ್ತು. ಆದರೆ ಇಂಗ್ಲೆಂಡಿನಲ್ಲಿ ಅವರ ಮಾರ್ಗದರ್ಶಿಯಾಗಿದ್ದ ಸನ್ಯಾಸಿನಿ ಸಿಸ್ಟರ್ ಜೆರಾಲ್ಡೀನ್ ಚರ್ಚಿನ ಮಾತಿಗೆ ತಲೆಬಾಗು ಎಂದಾಗ, ಒಂದು ನೊಗ ಕಳಚಿ ಇನ್ನೊಂದಕ್ಕೆ ಕೊರಳೊಡ್ಡಲಾರೆ ಎಂಬರ್ಥದ ಉತ್ತರ ಬರೆದರು. ಇಳಿವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು, ಇಡೀ ಬೈಬಲನ್ನು ಸಾಮಾನ್ಯ ಹೆಂಗಸರಿಗೆ ದಕ್ಕುವ ಮರಾಠಿಗೆ ತಂದರು. ಅವರೇ ಕಟ್ಟಿದ ಮುಕ್ತಿ ಸದನದ ಹೆಂಗಸರೇ ಮೊಳೆ ಜೋಡಿಸಿದರು. ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು. ತಾಯಿ 1922ರ ಏಪ್ರಿಲ್‌ನಲ್ಲಿ. ಗ್ರಂಥ ಹೊರಬಂದದ್ದು 1924ರಲ್ಲಿ.

ಅನುವಾದ ಒಡ್ಡೊಡ್ಡಾಗಿದೆ ಎನ್ನುವವರಿದ್ದಾರೆ, ಇರಲಿ. ರಮಾಬಾಯಿ ಸೀಗಲ್‌ರನ್ನು ಒಪ್ಪುತ್ತಿರಲಿಲ್ಲ ಎಂಬುದೂ ನಿಜ. ಹಳೆಯದು ಯೇಸುವಿನಲ್ಲಿ ಪೂರ್ತಿಗೊಂಡಿತೆಂದೇ ನಂಬಿದ್ದ ಅಪ್ಪಟ ಮಿಷನರಿ ಆಕೆ. ಆದರೂ ಹಾರ್ನಾಕ್ ಪ್ರಮಾಣದ ಸಾಲಿನಿಂದ ಕೈಬಿಡಿ ಎಂದದ್ದನ್ನು ಅಕ್ಷರ ಅಕ್ಷರವಾಗಿ ತಿದ್ದಿದ ಶ್ರದ್ಧೆಯ ಮುಂದೆ ಬರ್ಲಿನ್ನಿನ ಪಾಂಡಿತ್ಯ ಸಪ್ಪೆ.

ಕನ್ನಡ ವಿಮರ್ಶೆಗೂ ಹಾರ್ನಾಕ್‌ನ ಚಾಳಿಯೇ ಇದೆ. ಬಂಡಾಯಗಾರ ಸಿಕ್ಕರೆ ಸಾಕು, ಅವನಿಗೆ ಎದುರಾಳಿಯಾಗಿ ಒಬ್ಬ ಒಣ ಪುರೋಹಿತನನ್ನು ಸೃಷ್ಟಿಸಿಕೊಳ್ಳುತ್ತದೆ. ವಚನ ಓದುವಾಗಲೂ ಇದೇ ಪಾಡು: ಬಂಡಾಯ ಕಾಣುತ್ತದೆ, ಶರಣರು ದಿನನಿತ್ಯ ಪಾಲಿಸಿದ ಇಷ್ಟಲಿಂಗಪೂಜೆಯ ನೇಮ ಕಾಣುವುದಿಲ್ಲ. ಬೈಬಲ್ ಓದುವಾಗಲೂ ಹೀಗೆಯೇ. ಯೇಸುವಿನ ಮಾತೆಂದು ಎಲ್ಲರೂ ಉದ್ಧರಿಸುವ ನೆರೆಯವರನ್ನು ಪ್ರೀತಿಸಬೇಕೆಂಬ ಆಜ್ಞೆ ಮೊದಲು ಬರುವುದು ಹಳೆ ಒಡಂಬಡಿಕೆಯ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ. ಅದಕ್ಕೂ ಮೊದಲು ಹೊಲದ ಅಂಚಿನ ತೆನೆ ಬಡವರಿಗೆ ಬಿಡಬೇಕೆಂಬ ಕಟ್ಟಳೆ. ಪ್ರೀತಿಯ ಆಜ್ಞೆಯ ಬೆನ್ನಿಗೇ ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ಉಡಬಾರದೆಂಬ ನೇಮ. ತಾಯಿಯನ್ನು ಒಣಗಿದವಳೆಂದು ಬರೆಯುವವರು ಈ ಅಧ್ಯಾಯದಿಂದ ಒಂದೇ ಸಾಲು ಎತ್ತಿಕೊಂಡು, ಉಳಿದದ್ದನ್ನು ಯೆಹೂದಿಗಳ ಲೆಕ್ಕಕ್ಕೆ ಹಾಕುತ್ತಾರೆ.