ಯಾರೂ ಮಾತಾಡಿಸದ ಬೆಂಚು

ಸ್ಪರ್ಧಾತ್ಮಕ ಪರೀಕ್ಷೆಗೆ ಓದಲೆಂದು ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗುವುದು ಹೊಸದೇನಲ್ಲ. ಕೋಚಿಂಗ್ ಮುಗಿದ ಮೇಲೂ ಅವರು ಅಲ್ಲೇ ಉಳಿಯುವುದೇಕೆ? ಪ್ಲೈವುಡ್ಡಿನಿಂದ ಮೂರು ಕಡೆ ಮುಚ್ಚಿದ ಮೇಜು, ಒಂದು ಕುರ್ಚಿ, ತಲೆಯ ಮೇಲೊಂದು ಟ್ಯೂಬ್‌ಲೈಟು, ಚಾರ್ಜರಿಗೊಂದು ಪ್ಲಗ್ಗು. ಇಷ್ಟಕ್ಕೆ ತಿಂಗಳ ಬಾಡಿಗೆ ಕೊಡುತ್ತಾರೆ, ಹೊರಗೆ ಆಟೋಗಳ ಗಲಾಟೆ ಬೇರೆ. ಇತ್ತ ಕಾರವಾರದ ಕಡಲತೀರ, ಅಂಕೋಲೆಯ ಗದ್ದೆಬಯಲು ಪುಕ್ಕಟೆ ಬಿದ್ದಿವೆ. ಊರಲ್ಲಿ ಓದಾಗುವುದಿಲ್ಲ ಎಂದರೆ ಹಿರಿಯರಿಗೆ ಅದು ನೆಪದಂತೆ ಕೇಳುತ್ತದೆ. ನನಗೆ ಹಾಗನ್ನಿಸುವುದಿಲ್ಲ.

ಊರಿನಲ್ಲಿ ಓದು ಕೆಡಿಸುವುದು ಸದ್ದಲ್ಲ, ಪರಿಚಯ. ಅಂಕೋಲೆಯ ನದಿಭಾಗದ ತೀರದಲ್ಲಿ ಪುಸ್ತಕ ಬಿಚ್ಚಿ ಕೂತು ನೋಡಿ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಯಾರಾದರೂ ಎದುರು ನಿಂತಿರುತ್ತಾರೆ. “ತಮಾ, ಯಾರ ಮನೆಯವ ನೀನು?” ಹೇಳಿದಿರೋ, ಅಜ್ಜನ ಕಾಲದ ಸಂಬಂಧವೊಂದು ಹೊರಬೀಳುತ್ತದೆ. ಅದರ ಹಿಂದೆಯೇ, “ಓದೂದು ಮುಗೀಲಿಲ್ವಾ ಇನ್ನೂ?” ಮೂರನೇ ಸಲ ಪರೀಕ್ಷೆ ಬರೆಯುತ್ತಿರುವವನಿಗೆ ಈ ಪ್ರಶ್ನೆ ಡಿ.ಜೆ.ಗಿಂತ ಜೋರು. ಹುಡುಗಿ ಒಬ್ಬಳೇ ಕೂತಿದ್ದರಂತೂ ಸುದ್ದಿ ಅವಳಿಗಿಂತ ಮೊದಲು ಮನೆ ತಲುಪುತ್ತದೆ. ಪೇಟೆಯ ಬಾಡಿಗೆ ಕುರ್ಚಿಯಲ್ಲಿ ಈ ಪ್ರಶ್ನೆಗಳಿಲ್ಲ. ಅಲ್ಲಿ ದುಡ್ಡು ಹೋಗುವುದು ಮೌನಕ್ಕಲ್ಲ, ಯಾರೂ ಕೇಳದೆ ಇರುವುದಕ್ಕೆ.

ಹಾಗಾಗಿ ಓದುವ ಜಾಗ ಹುಡುಕುವ ನನ್ನಂಥವನ ಅಳತೆಗೋಲು ಒಂದೇ: ಇಲ್ಲಿ ನನ್ನನ್ನು ಎಷ್ಟು ಹೊತ್ತು ಯಾರೂ ಮಾತಾಡಿಸುವುದಿಲ್ಲ?

ಈ ಲೆಕ್ಕದಲ್ಲಿ ಕಾರವಾರದ ಅತಿ ಅದೃಷ್ಟವಂತ ಅತಿಥಿ ರವೀಂದ್ರನಾಥ ಟ್ಯಾಗೋರರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಆಸುಪಾಸಿನ ತಮ್ಮ ಬಂದು ಉಳಿದರು. ನ್ಯಾಯಾಧೀಶರ ತಮ್ಮನನ್ನು ಯಾರ ಮನೆಯವ ಎಂದು ಕೇಳುವವರಿಲ್ಲ, ಬಂಗಾಳಿಯಲ್ಲಿ ಹರಟುವವರು ಬೀದಿಯಲ್ಲಿ ಸಿಗುವುದಿಲ್ಲ. ಗಾಳಿಮರಗಳ ಸಾಲು, ಬೆಳದಿಂಗಳ ಕಾಳಿ ನದಿ ಅವರ ನೆನಪಿನ ಬರಹದಲ್ಲಿ ಬಂದಿವೆ. ಇಲ್ಲಿ ಬರೆದ ‘ಪ್ರಕೃತಿರ್ ಪ್ರತಿಶೋಧ’ ನಾಟಕ 1884ರಲ್ಲಿ ಪ್ರಕಟವಾಯಿತು. ಅದರ ಕಥೆಯನ್ನು ಕೇಳಿದರೆ ನಗು ಬರುತ್ತದೆ. ಎಲ್ಲ ನಂಟು ಕಡಿದುಕೊಂಡು ಗುಹೆ ಸೇರಿದ ಸನ್ಯಾಸಿಯೊಬ್ಬನನ್ನು ಅನಾಥ ಹುಡುಗಿಯೊಬ್ಬಳ ಅಕ್ಕರೆ ಮತ್ತೆ ಲೋಕದೊಳಕ್ಕೆ ಎಳೆದು ತರುತ್ತದೆ. ಏಕಾಂತ ಬೇಕಾದಷ್ಟು ಸಿಕ್ಕವರು ಬರೆದದ್ದು ಏಕಾಂತದ ಸೋಲನ್ನು!

ಅವರ ಹೆಸರಿನ ಕಡಲತೀರದಲ್ಲಿ ಈಗ ಓದುವುದು ಕಷ್ಟ. ಹೆದ್ದಾರಿ ಅಗಲವಾಗಿ ಮಗ್ಗುಲಲ್ಲೇ ಮೇಲ್ಸೇತುವೆ ಬಂದಿದೆ. ಶನಿವಾರ, ಭಾನುವಾರ ಚಾಪಲ್ ಯುದ್ಧನೌಕೆ ನೋಡಲು ಬರುವವರ ಗದ್ದಲ. ಆದರೆ ವಾರದ ದಿನ ಬೆಳಿಗ್ಗೆ, ವಾಕಿಂಗಿನವರು ಮನೆಗೆ ಮರಳಿದ ಮೇಲೆ ಬಿಸಿಲೇರುವ ತನಕ ಗಾಳಿಮರದ ಅಡಿ ಚೆನ್ನಾಗಿರುತ್ತದೆ. ಆ ಮರಗಳ ಒಂದೇ ಸಮನಾದ ಸುಯ್ಲು ದೂರದ ಮಾತನ್ನೆಲ್ಲ ನುಂಗಿಬಿಡುತ್ತದೆ. ಹಾಳೆ ಹಾರದಂತೆ ಒಂದು ಕಲ್ಲು ಇಟ್ಟುಕೊಂಡರಾಯಿತು. ಸಂಜೆಯ ಮಾತು ಬೇಡ, ಸೊಳ್ಳೆ.

ಜಿಲ್ಲಾ ಗ್ರಂಥಾಲಯ? ಪೇಪರಿನ ಹೊತ್ತು ತಪ್ಪಿಸಿ ಹೋಗಿ. ಬೆಳಿಗ್ಗೆ ನಿವೃತ್ತರ ರಾಜಕೀಯ ಚರ್ಚೆಗೆ ಪಿಸುಮಾತಿನ ನಿಯಮ ಅನ್ವಯಿಸುವುದಿಲ್ಲ. ಮಧ್ಯಾಹ್ನ ಊಟದ ಮೇಲೆ ಅದೇ ಕೋಣೆಯಲ್ಲಿ ಫ್ಯಾನಿನದೊಂದೇ ಸದ್ದು. ಒಂದು ಮಾತು ನೆನಪಿರಲಿ: 1965ರ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವೆಂದು ಕಟ್ಟುತ್ತೇವೆ. ಅಂದರೆ ಆ ಕುರ್ಚಿಯ ಬಾಡಿಗೆ ಆಗಲೇ ಸಂದಾಯವಾಗಿದೆ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ ಈಗ ‘ಅರಿವು ಕೇಂದ್ರ’ಗಳಾಗಿವೆ. ಕಟ್ಟಡ, ಬಣ್ಣ ಎಲ್ಲ ಸರಿ. ಹಗಲು ದುಡಿದು ರಾತ್ರಿ ಓದುವವನಿಗೆ ಬೇಕಾದದ್ದು ರಾತ್ರಿ ಹತ್ತರವರೆಗೆ ತೆರೆದಿರುವ ಬಾಗಿಲು.

ಅಂಕೋಲೆಗೆ ಓದಿನ ಹಸಿವು ಹಳೆಯದು. ಚುಟುಕು ಬ್ರಹ್ಮ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಗೋಪಾಲಕೃಷ್ಣ ಗೋಖಲೆಯವರು ಹುಟ್ಟಿ ನೂರು ವರ್ಷವಾದ 1966ರಲ್ಲಿ ಅಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಅಲ್ಲಿಯ ತನಕ ಪದವಿ ಓದಲು ಊರು ಬಿಡಬೇಕಿತ್ತು. ಈಗ ಪದವಿ ಊರಲ್ಲೇ ಮುಗಿಯುತ್ತದೆ, ಅದರ ಮುಂದಿನ ಓದಿಗೆ ಮತ್ತೆ ಬ್ಯಾಗು ಹೆಗಲಿಗೇರುತ್ತದೆ.

ನನ್ನನ್ನು ಕೇಳಿದರೆ ಅಂಕೋಲೆಯ ಒಳ್ಳೆಯ ವಾಚನಾಲಯ ರೈಲು ನಿಲ್ದಾಣ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ಟಿಗೆ ಎರಡು ತಾಸು. ಗಾಳಿ ಉಂಟು, ನೆರಳು ಉಂಟು, ನೀರು ಉಂಟು. ರೈಲು ಬಂದಾಗ ಐದು ನಿಮಿಷ ಎದ್ದು ಕಾಲು ಆಡಿಸಬಹುದು. ಮುಖ್ಯ ಸಂಗತಿ ಬೇರೆ. ನಿಲ್ದಾಣದಲ್ಲಿ ಕೂತವನನ್ನು ಜನ ರೈಲಿಗೆ ಕಾಯುವವನೆಂದೇ ತಿಳಿಯುತ್ತಾರೆ. “ಎಲ್ಲಿಗೆ?” ಎಂದು ಕೇಳಿದವರಿಗೆ “ಮಡಗಾಂವ್” ಎಂದರೆ ಮುಗಿಯಿತು, ಮುಂದೆ ಪ್ರಶ್ನೆಯಿಲ್ಲ. ಓದುವವನಿಗೆ ಇಷ್ಟು ಒಳ್ಳೆಯ ವೇಷ ಬೇರೆಲ್ಲಿ ಸಿಗಬೇಕು?

ಋತುಮಾನವನ್ನೂ ನೋಡಬೇಕು. ಪಿಯುಸಿ ಪರೀಕ್ಷೆಯ ಮಾರ್ಚ್ ತಿಂಗಳಿಗೇ ಹೋಳಿ ಹುಣ್ಣಿಮೆಯ ಸುಗ್ಗಿ ಬರುತ್ತದೆ. ಹಾಲಕ್ಕಿಗಳ ತುರಾಯಿ, ಕೋಲು, ಗುಮಟೆಯ ಪೆಟ್ಟು ಅಂಗಳಕ್ಕೆ ಬಂದ ಮೇಲೆ ಅರ್ಥಶಾಸ್ತ್ರ ಓದುತ್ತೇನೆಂಬುದು ಉದ್ಧಟತನ. ಎದ್ದು ಹೋಗಿ ನೋಡಬೇಕು. ಮಳೆಗಾಲ ಮಾತ್ರ ಓದುಗರದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ, ಹರಾಜಿನ ಕೂಗಿಲ್ಲ, ಐಸ್ ಲಾರಿಯಿಲ್ಲ. ಬಲೆ ಹೆಣೆಯುವವರು ತಮ್ಮ ಕೆಲಸದಲ್ಲಿ ಮುಳುಗಿರುತ್ತಾರೆ. ಕೆಲಸ ಮಾಡುವವರ ಪಕ್ಕ ಓದಿದಷ್ಟು ಚೆನ್ನಾಗಿ ಬೇರೆಲ್ಲೂ ಓದಾಗದು. ಅವರಿಗೆ ನಮ್ಮ ಗೊಡವೆಯೂ ಇಲ್ಲ, ಅವರೆದುರು ಮೊಬೈಲ್ ತೆಗೆಯಲು ನಮಗೆ ನಾಚಿಕೆಯೂ ಆಗುತ್ತದೆ.

ಸಪ್ತಾಪುರದ ಬಾಡಿಗೆ ಭರಿಸಲಾರದವರಿಗೆ ಒಂದು ಉಪಾಯವಿದೆ. ಕಾರವಾರದವರು ಅಂಕೋಲೆಗೆ ಹೋಗಿ ಓದಲಿ, ಅಂಕೋಲೆಯವರು ಕಾರವಾರಕ್ಕೆ. ಮಧ್ಯೆ ಇರುವುದು ಮೂವತ್ತೈದು ಕಿಲೋಮೀಟರಿನಷ್ಟು ದಾರಿ, ಬಸ್ಸು ಬೇಕಾದಷ್ಟು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಇಡೀ ದಿನ ಪರಸ್ಥಳದವರಾಗಿ ಕೂರಬಹುದು. ಆ ಊರಿಗೆ ಕೊಟ್ಟ ಅತ್ತೆಯೊಬ್ಬಳು ಇದ್ದರೆ ಮಾತ್ರ ಅವಳು ಮೀನು ಪೇಟೆಗೆ ಹೋಗಿಬರುವ ಹೊತ್ತನ್ನು ಮೊದಲು ತಿಳಿದುಕೊಳ್ಳಿ.