ಮಿಜೋ ಕಥನಪರಂಪರೆ ಮತ್ತು ಆಧುನಿಕ ಕಾದಂಬರಿ: ಒಂದು ವಿವೇಚನೆ

ಮಿಜೋ ಆಧುನಿಕ ಸಾಹಿತ್ಯದ ಚರಿತ್ರೆಯನ್ನು 1894ರಿಂದ ಆರಂಭಿಸುವುದು ವಾಡಿಕೆ. ಆ ವರ್ಷ ಐಜಾಲಿಗೆ ಬಂದ ಲೊರೇನ್ ಮತ್ತು ಸ್ಯಾವಿಜ್ ಎಂಬ ಮಿಷನರಿಗಳು ಮಿಜೋ ಭಾಷೆಗೆ ರೋಮನ್ ಲಿಪಿಯನ್ನು ಅಳವಡಿಸಿದರು. ನಾಲ್ಕು ದಶಕಗಳ ತರುವಾಯ, 1936ರಲ್ಲಿ, ಎಲ್. ಬಿಯಾಕ್ಲಿಯಾನಾ ಅವರು 'ಹವಿಲೊಪಾರಿ'ಯನ್ನು ಬರೆದು ಮೊದಲ ಮಿಜೋ ಕಾದಂಬರಿಕಾರರೆನಿಸಿದರು. ಈ ಕಾಲಾನುಕ್ರಮ ಸರಿಯಾದುದೇ. ಆದರೆ ಕಾದಂಬರಿಯೊಂದೇ ವಯಸ್ಕರ ಕಥನ, ಅದಕ್ಕೆ ಹಿಂದಿನದೆಲ್ಲ ಮಕ್ಕಳನ್ನು ರಂಜಿಸುವ ಅಜ್ಜಿಕಥೆ ಎಂದು ಇದರಿಂದ ಹೊರಡಿಸುವ ತೀರ್ಮಾನವು ಪುನರ್ವಿಮರ್ಶೆಗೆ ಅರ್ಹವಾಗಿದೆ.

ತುವಾಲ್ವುಂಗಿ ಮತ್ತು ಜೋಲ್ಪಾಲರ ಕಥೆಯನ್ನೇ ನೋಡಬಹುದು. ಜೋಲ್ಪಾಲನು ಧನಿಕನಾದ ಪುಂತಿಹನ ಎದುರಿನಲ್ಲಿ ತನ್ನ ಚೆಲುವೆಯಾದ ಹೆಂಡತಿಯನ್ನು ತಂಗಿಯೆಂದು ಹೇಳಿಕೊಳ್ಳುತ್ತಾನೆ. ಯಾರೂ ತೆರಲಾರದಷ್ಟು ಕನ್ಯಾಶುಲ್ಕವನ್ನು ಕೇಳುತ್ತಾನೆ. ಅದೂ ಸಂದಾಯವಾದಾಗ ಆಡಿದ ಮಾತಿಗೆ ಕಟ್ಟುಬಿದ್ದು ಅವಳನ್ನು ಕಳೆದುಕೊಳ್ಳುತ್ತಾನೆ. ಮುಂದೆ ಅವನು ವಿಷಪ್ರಯೋಗದಿಂದ ಸಾಯುತ್ತಾನೆ, ಅವಳು ಅವನ ಸಮಾಧಿಯ ಬಳಿಯಲ್ಲಿಯೇ ಪ್ರಾಣ ಬಿಡುತ್ತಾಳೆ, ಇಬ್ಬರೂ ಚಿಟ್ಟೆಗಳಾಗುತ್ತಾರೆ. ಈ ಮುಕ್ತಾಯವನ್ನಷ್ಟೇ ಎತ್ತಿಕೊಂಡರೆ ಇದು ಮಕ್ಕಳ ಕಥೆ. ಮಾತು, ಬೆಲೆ, ಹೆಣ್ಣು ಈ ಮೂರರ ಸಂಬಂಧವನ್ನು ಗಮನಿಸಿದರೆ ಇದು ವಯಸ್ಕರ ದುರಂತ. ಇಬ್ಬರು ಗಂಡಸರ ವ್ಯವಹಾರದಲ್ಲಿ ಅವಳ ಸಮ್ಮತಿಗೆ ಎಡೆಯೇ ಇಲ್ಲ.

ಬಿಯಾಕ್ಲಿಯಾನಾ ಅವರ ಸಣ್ಣಕತೆ 'ಲಾಲಿ' (1937) ಮಗಳ ವಿವಾಹದಲ್ಲಿ ತಂದೆಗಿರುವ ಅಧಿಕಾರವನ್ನು ಪ್ರಶ್ನಿಸುವಾಗ ಈ ಹಳೆಯ ಗಂಟನ್ನೇ ಮುಟ್ಟುತ್ತದೆ. ವ್ಯತ್ಯಾಸವಿಷ್ಟೆ: ಜನಪದ ಕಥೆಯಲ್ಲಿ ವಿಧಿಯಂತೆ ನಿಂತಿದ್ದ ಪದ್ಧತಿ ಇಲ್ಲಿ ತಿದ್ದಬಹುದಾದ ಅನ್ಯಾಯವಾಗುತ್ತದೆ. ಕ್ರೈಸ್ತ ಸುಧಾರಣಾಪ್ರಜ್ಞೆಯ ಕೊಡುಗೆ ಈ ತಿರುವಿನಲ್ಲಿದೆ, ವಸ್ತುವಿನಲ್ಲಿಲ್ಲ.

1966ರ ಮಾರ್ಚಿಯಲ್ಲಿ ಭಾರತೀಯ ವಾಯುಪಡೆ ಐಜಾಲಿನ ಮೇಲೆ ನಡೆಸಿದ ದಾಳಿ, ಹಳ್ಳಿಗಳ ಬಲಾತ್ಕಾರದ ಸ್ಥಳಾಂತರ, 1986ರ ಒಪ್ಪಂದದವರೆಗಿನ ಸಂಘರ್ಷ ಇವುಗಳನ್ನು ಮಿಜೋ ಜನ 'ರಾಮ್‌ಬುವಾಯ್' ಎನ್ನುತ್ತಾರೆ. ಮಾಲ್‌ಸಾಮಿ ಜೇಕಬ್ ಅವರ ಇಂಗ್ಲಿಷ್ ಕಾದಂಬರಿ 'ಜೋರಾಮಿ' (2015) ಈ ಕಾಲದಲ್ಲಿ ಸೈನಿಕನ ಅತ್ಯಾಚಾರಕ್ಕೊಳಗಾದ ಬಾಲಕಿಯ ಬದುಕನ್ನು ನಿರೂಪಿಸುತ್ತದೆ. ನಾಡಿನ ಹೆಸರಾದ 'ಜೋರಾಮ್'ಗೆ ಸ್ತ್ರೀಸೂಚಕ ಪ್ರತ್ಯಯ ಸೇರಿ ನಾಯಕಿಯ ಹೆಸರಾಗಿದೆ. ದೇಹದ ಗಾಯ ನಾಡಿನ ಗಾಯವೂ ಆಗುತ್ತದೆ. ದೀರ್ಘ ಮೌನವನ್ನು ಮಾತಿಗೆ ತಂದುದು ಈ ಕೃತಿಯ ಸಾಧನೆ. ಆದರೆ ವಿಮೋಚನೆಯತ್ತ ಸಾಗುವ ಅದರ ಗತಿಯು ವ್ಯಕ್ತಿಯ ಶಮನವನ್ನು ಸಾಧಿಸಿಕೊಡುವಷ್ಟು ಚರಿತ್ರೆಯ ಹೊಣೆಯನ್ನು ಬೆನ್ನಟ್ಟುವುದಿಲ್ಲ. ತುವಾಲ್ವುಂಗಿಯ ಕಥೆಯಾದರೋ ಯಾರನ್ನೂ ಕ್ಷಮಿಸದೆ, ಯಾರನ್ನೂ ಸಂತೈಸದೆ ಮುಗಿಯುತ್ತದೆ.

ಆದ್ದರಿಂದ ಮೌಖಿಕ ಕಥನವನ್ನು ಕಾದಂಬರಿಯ ಬಾಲ್ಯವೆಂದು ಎಣಿಸುವುದು ತರವಲ್ಲ. ಕಾದಂಬರಿಯನ್ನು ಒರೆಗೆ ಹಚ್ಚಬಲ್ಲ ಸಮಾನ ಪ್ರಕಾರವೆಂದೇ ಅದನ್ನು ಓದಬೇಕಾಗಿದೆ.