‘ಚಿರಸ್ಮರಣೆ’ಯಲ್ಲಿ ನಾವು ಮರೆತ ಹೆಸರು

ನಿರಂಜನರ ‘ಚಿರಸ್ಮರಣೆ’ (1955) ಕಾದಂಬರಿಯನ್ನು ನಾನು ಮೊದಲು ಓದಿದ್ದು ಬ್ಯಾಂಕು ಸೇರಿದ ಹೊಸದರಲ್ಲಿ, ನಾಗಲಗಿದ್ದದ ನಮ್ಮ ಮನೆಯಲ್ಲಿ. ಕಯ್ಯೂರನ್ನು ನಾನು ಕಂಡವನಲ್ಲ, ಮಲಯಾಳವೂ ಬಾರದು. ಆದರೂ ಕಥೆ ಪರಸ್ಥಳದ್ದು ಅನ್ನಿಸಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗಲೇ ಬೀದರ ಜಿಲ್ಲೆಯ ನಮ್ಮ ನಾರಾಯಣಖೇಡ ತಾಲೂಕು ಆಂಧ್ರಕ್ಕೆ ಹೋಯಿತು. ಗಡಿಯವರ ನೋವು ಗಡಿಯವರಿಗೆ ಬೇಗ ತಿಳಿಯುತ್ತದೆ.

ಕಾದಂಬರಿಯ ಹಿಂದಿನ ಘಟನೆ ಈ ವಾರ್ಷಿಕದ ಓದುಗರಿಗೆ ಗೊತ್ತಿದ್ದದ್ದೇ. 1941ರ ಮಾರ್ಚ್ 28ರಂದು ಪೊಲೀಸರ ದೌರ್ಜನ್ಯ ಖಂಡಿಸಿ ಕಯ್ಯೂರಿನ ರೈತರು ಮೆರವಣಿಗೆ ಹೊರಟರು. ಎದುರಾದ ಪೊಲೀಸ್ ಸುಬ್ಬರಾಯನ ಕೈಗೆ ಕೆಂಬಾವುಟ ಕೊಟ್ಟು ಮುಂದೆ ನಡೆಸಿದರು. ಅವನು ಬಾವುಟದ ಕೋಲು ಮುರಿದು ತಿರುಗಿಬಿದ್ದ. ಜನ ಅಟ್ಟಿಸಿಕೊಂಡು ಹೋದರು. ಹೊಳೆಗೆ ಹಾರಿದವನ ಮೇಲೆ ಕಲ್ಲು ಬಿದ್ದವು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಅಪ್ಪು, ಚಿರುಕಂಡ, ಕುಞಂಬು ನಾಯರ್, ಅಬೂಬಕ್ಕರ್ ಅವರನ್ನು ಗಲ್ಲಿಗೇರಿಸಲಾಯಿತು.

ಘಟನೆಯ ಕಾಲಕ್ಕೆ ನೀಲೇಶ್ವರದಲ್ಲಿ ಓದುತ್ತಿದ್ದ ನಿರಂಜನರು ಈ ನಾಲ್ವರನ್ನು ಪುರಾಣಪುರುಷರನ್ನಾಗಿ ಮಾಡಲಿಲ್ಲ. ಮೇಷ್ಟರಿಂದ ಅಕ್ಷರ ಕಲಿತ ಹುಡುಗರು ಬೆನ್ನು ನೆಟ್ಟಗೆ ಮಾಡಿ ನಿಲ್ಲಲು ಕಲಿಯುವುದೇ ಇಲ್ಲಿ ಮೊದಲ ಪ್ರತಿಭಟನೆ. ಕಾದಂಬರಿಯ ನಿಜವಾದ ಶಕ್ತಿ ಗಲ್ಲಿನಲ್ಲಿಲ್ಲ, ಈ ಕಲಿಕೆಯಲ್ಲಿದೆ.

ಇದು ಗಾಂಧಿಮಾರ್ಗವೋ ಕ್ರಾಂತಿಮಾರ್ಗವೋ ಎಂಬ ಚರ್ಚೆ ನನಗೆ ದೊಡ್ಡದಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ 1938ರಲ್ಲಿ ಸತ್ಯಾಗ್ರಹ ಹೂಡಿದ ಸ್ಟೇಟ್ ಕಾಂಗ್ರೆಸ್ಸೇ 1947-48ರಲ್ಲಿ ಗಡಿ ಶಿಬಿರಗಳಲ್ಲಿ ಬಂದೂಕು ಹಿಡಿಯಿತು. ಹೋರಾಟದ ನಡುವೆ ಅಹಿಂಸೆಯನ್ನು ಗಳಿಗೆ ಗಳಿಗೆಗೂ ಕಾಯಬೇಕಾಗುತ್ತದೆ. ಕಯ್ಯೂರಿನವರು ಕೊಲ್ಲಲು ಹೊರಟಿರಲಿಲ್ಲ. ಒಲ್ಲದವನ ಕೈಗೆ ಬಾವುಟ ತುರುಕಿದ ಗಳಿಗೆಯಲ್ಲೇ ಆ ಕಾವಲು ತಪ್ಪಿತು.

ಪುಸ್ತಕ ಮುಚ್ಚಿದಾಗ ನನಗೆ ನಾಲ್ಕು ಹೆಸರು ನೆನಪಿದ್ದವು, ಸುಬ್ಬರಾಯನದು ಮರೆತಿತ್ತು. ಆಗ ನಮ್ಮ ಅಜ್ಜಿಯ ನೆನಪಾಗಿ ನಾಚಿಕೆಯಾಯಿತು. 1948ರ ಮಾತು ಬಂದರೆ ಆಕೆ ರಜಾಕಾರರಿಂದ ಸತ್ತವರನ್ನೂ, ಪೊಲೀಸ್ ಕಾರ್ಯಾಚರಣೆಯ ಬಳಿಕ ಸತ್ತ ಮುಸಲ್ಮಾನ ನೆರೆಯವರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತಿದ್ದಳು. ಸುಂದರಲಾಲ್ ಸಮಿತಿ ಹೆಚ್ಚು ನೊಂದವೆಂದು ಎಣಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು.

ನಾಲ್ವರ ತ್ಯಾಗ ಇದರಿಂದ ಕಿರಿದಾಗುವುದಿಲ್ಲ, ಅವರನ್ನು ನೇಣಿಗೆ ಹಾಕಿದ ಸರಕಾರಕ್ಕೆ ಮಾಫಿಯೂ ಸಿಗುವುದಿಲ್ಲ. ಆದರೆ ಕಾದಂಬರಿಯ ಮಮತೆ ಒಂದೇ ದಡದಲ್ಲಿ ನಿಂತಿದೆ ಎಂಬುದು ನನ್ನ ತಕರಾರು. ಸ್ಮರಣೆ ಚಿರವಾಗಬೇಕಾದರೆ ಹೊಳೆಯಲ್ಲಿ ಮುಳುಗಿದವನಿಗೂ ಅದರಲ್ಲಿ ಜಾಗವಿರಬೇಕು.